ಎಲ್ಲ ನೋವೂ ಉಳುಕಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪುರವಣಿಯಲ್ಲಿ ಮಳೆಗಾಲದಲ್ಲಿ ಜಾರಿ ಬೀಳುವವರಿಗೆಂದು ಒಂದು ಲೇಖನ ಬಂದಿತ್ತು. ಮಣಿಕಟ್ಟಿನ ನೋವು ಹೆಚ್ಚಾಗಿ ಬರೀ ಉಳುಕು, ಎಣ್ಣೆ ತಿಕ್ಕಿದರೆ ಇಳಿಯುತ್ತದೆ ಎಂಬ ಸಲಹೆ ಅದರಲ್ಲಿತ್ತು. ಅದೇ ಮಾತನ್ನು ನಂಬಿ ಮೂರು ತಿಂಗಳು ಎಣ್ಣೆ ತಿಕ್ಕಿದವನು ನಾನು. ಈಗ ಮಧೂರು ದೇವಸ್ಥಾನದಲ್ಲಿ ತೀರ್ಥಕ್ಕೆ ಬಲಗೈ ಒಡ್ಡಿದರೆ ಅಂಗೈ ಪೂರ್ತಿ ಮೇಲಾಗುವುದಿಲ್ಲ. ತೀರ್ಥ ನೆಲದ ಪಾಲು.

ಕಳೆದ ವರ್ಷ ಆಟಿ ತಿಂಗಳಲ್ಲಿ, ಅಡಿಕೆಗೆ ಮದ್ದು ಬಿಡುವವರಿಗೆ ಚಹಾ ಕೊಂಡೊಯ್ಯುತ್ತಿದ್ದೆ. ಕಣಿಗೆ ಅಡ್ಡ ಹಾಕಿದ ಅಡಿಕೆ ಮರದ ಸಂಕ, ಮೇಲೆ ಪಾಚಿ. ಅಂಗೈ ಊರಿ ಬಿದ್ದೆ. ಮೊಣಕೈಯ ಬಳಿ ರೇಡಿಯಸ್ ಮೂಳೆಯ ತಲೆ ಚೂರಾಗಿತ್ತು; ಶಸ್ತ್ರಕ್ರಿಯೆ ಮಾಡಿ ಅದನ್ನು ತೆಗೆದರು. ಮಣಿಕಟ್ಟೂ ನೋಯುತ್ತದೆ ಎಂದೆ. ಉಳುಕಿರಬೇಕು ಎಂದರು. ನಾನೂ ಮತ್ತೆ ಕೇಳಲಿಲ್ಲ, ಆ ತಪ್ಪು ನನ್ನದೇ.

ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ತಂಗಿಯ ಮಗಳು ರಜೆಗೆ ಬಂದಾಗ ನನ್ನ ಕೈ ನೋಡಿ, "ಮಾವ, ಕಿರುಬೆರಳಿನ ಕಡೆ ಈ ಮೂಳೆ ಯಾಕೆ ಇಷ್ಟು ಎದ್ದಿದೆ?" ಎಂದು ಕೇಳಿದಳು. ಆಮೇಲೆ ನಮ್ಮ ಚಾವಡಿಯ ಬಾಗಿಲನ್ನೇ ತೋರಿಸಿ ಪಾಠ ಮಾಡಿದಳು. ಮುಂಗೈಯಲ್ಲಿ ಎರಡು ಮೂಳೆ. ಅಲ್ನಾ ದಾರಂದವಿದ್ದಂತೆ, ಹೆಚ್ಚು ಅಲುಗುವುದಿಲ್ಲ. ಅದರ ಸುತ್ತ ಬಾಗಿಲಿನ ಹಾಗೆ ತಿರುಗುವುದು ರೇಡಿಯಸ್. ಮೇಲಿನ ತಿರುಗಣಿ ಮೊಣಕೈಯಲ್ಲಿ: ರೇಡಿಯಸ್ಸಿನ ದುಂಡು ತಲೆಯನ್ನು ಬಳೆಯಂಥ ಒಂದು ಲಿಗಮೆಂಟ್, ಅಂದರೆ ಮೂಳೆಗಳನ್ನು ಕಟ್ಟಿ ಹಿಡಿಯುವ ನಾರಿನ ಪಟ್ಟಿ, ಬಳಸಿ ಹಿಡಿದಿರುತ್ತದೆ. ಕೆಳಗಿನದು ಮಣಿಕಟ್ಟಿನಲ್ಲಿ, ಅಲ್ನಾದ ತುದಿಗೆ. ಅಲ್ಲಿ ಹಿಂದೊಂದು ಮುಂದೊಂದು ಲಿಗಮೆಂಟ್ ಇದ್ದು, ಕೈ ತಿರುಗಿದಂತೆ ಸರದಿಯಲ್ಲಿ ಬಿಗಿಯುತ್ತವೆ.

ನನಗೆ ಸೋಜಿಗವಾದದ್ದು ಈ ಎರಡು ಮೂಳೆಗಳ ನಡುವಿನ ಪೊರೆ. ರೇಡಿಯಸ್ಸಿನಿಂದ ಅಲ್ನಾದ ಕಡೆಗೆ ಓರೆಯಾಗಿ ಇಳಿಯುವ ನಾರುಗಳ ಹಾಳೆ ಅದು, ನಡುಭಾಗ ದಪ್ಪ. ಅಂಗೈ ಮೇಲಿರಲಿ ಕೆಳಗಿರಲಿ, ಆ ನಡುಪಟ್ಟಿಯ ಉದ್ದ ಹೆಚ್ಚು ಬದಲಾಗುವುದಿಲ್ಲವಂತೆ. ನಾನು ನಂಬಲಿಲ್ಲ. ಅವಳು ಬಾಗಿಲಿನ ಅಂಚಿನಿಂದ ತಿರುಗಣಿಯ ಬುಡಕ್ಕೆ ಬಾಳೆನಾರು ಕಟ್ಟಿ, ಬಾಗಿಲು ತೆರೆದು ಮುಚ್ಚಿ ತೋರಿಸಿದಳು. ನಾರು ಸಡಿಲವೂ ಆಗಲಿಲ್ಲ, ಹರಿಯಲೂ ಇಲ್ಲ. ಪೊರೆಯ ನಾರುಗಳೂ ಹಾಗೆಯೇ, ತಿರುಗುವ ಅಕ್ಷದ ಹತ್ತಿರವೇ ಅಲ್ನಾಕ್ಕೆ ಅಂಟಿವೆ. ಆದ್ದರಿಂದಲೇ ಕೈ ತಿರುಗಲು ಅಡ್ಡಿ ಮಾಡದೆ ಮೂಳೆಗಳನ್ನು ಹಿಡಿದಿಡುತ್ತವೆ.

ಭಾರ ಹಂಚುವ ಕೆಲಸವೂ ಅದರದ್ದೇ. ಅಂಗೈ ಊರಿದಾಗ ಮಣಿಕಟ್ಟಿನ ಭಾರದಲ್ಲಿ ಸುಮಾರು ಶೇ 80 ರೇಡಿಯಸ್ಸಿಗೆ ಬೀಳುತ್ತದೆ. ಮೇಲೇರುವಾಗ ಪೊರೆ ಅದರಲ್ಲೊಂದು ಪಾಲನ್ನು ಅಲ್ನಾಕ್ಕೆ ದಾಟಿಸುತ್ತದೆ. ತಲೆ ಒಡೆದು, ಪೊರೆಯೂ ಹರಿದು, ಮಣಿಕಟ್ಟಿನ ಕೀಲೂ ಬಿಟ್ಟರೆ ರೇಡಿಯಸ್ಸನ್ನು ತಡೆಯುವವರಿಲ್ಲ, ಅದು ಮೊಣಕೈಯತ್ತ ಸರಿಯುತ್ತದೆ; ಆಗ ಕಿರುಬೆರಳಿನ ಕಡೆ ಅಲ್ನಾದ ತುದಿ ಎದ್ದು ಕಾಣುತ್ತದೆ, ನನ್ನ ಕೈಯಲ್ಲಾದಂತೆ. ಬ್ರಿಟನ್ನಿನ ಶಸ್ತ್ರವೈದ್ಯ ಎಸೆಕ್ಸ್-ಲೊಪ್ರೆಸ್ಟಿ 1951ರಲ್ಲೇ ಇದನ್ನು ವಿವರಿಸಿದ್ದರು, ಈಗಲೂ ಅದಕ್ಕೆ ಅವರದೇ ಹೆಸರು. ಪೊರೆ ಹರಿದಿದ್ದರೆ ಒಡೆದ ತಲೆಯನ್ನು ಬರೀ ತೆಗೆದು ಬಿಡಬಾರದು. ಜೋಡಿಸಬೇಕು, ಇಲ್ಲವೇ ಲೋಹದ ತಲೆ ಕೂರಿಸಬೇಕು. ಹರಿದದ್ದು ತಾನಾಗಿ ಕೂಡುವುದು ಕಷ್ಟ. ತಡವಾದಷ್ಟೂ ದುರಸ್ತಿ ಕಠಿಣ.

ಅಂಗೈ ಕೆಳಗೆ ಮಾಡಲಾಗದಿದ್ದರೆ ಭುಜ ಎತ್ತಿ ಹೇಗೋ ಸುಧಾರಿಸಬಹುದು. ಮೇಲೆ ಮಾಡಲಾಗದಿದ್ದರೆ ಭುಜದಿಂದ ಅಷ್ಟು ಸಹಾಯ ಸಿಗುವುದಿಲ್ಲ. ಅಂಗಡಿಯಲ್ಲಿ ಚಿಲ್ಲರೆ ಇಸಿದುಕೊಳ್ಳಲು ಎಡಗೈ ಚಾಚಿ ಬೈಸಿಕೊಂಡಿದ್ದೇನೆ. ಅಡಿಕೆ ಸುಲಿಯುವುದನ್ನಂತೂ ಹೆಂಡತಿಗೇ ಬಿಟ್ಟಿದ್ದೇನೆ, ಅವಳ ವೇಗದ ಮುಂದೆ ಹಿಂದೆಯೂ ನಾನು ಯಾರೂ ಅಲ್ಲ.

ಆ ಲೇಖನಕ್ಕೆ ಒಂದು ತಿದ್ದುಪಡಿ ಹಾಕಿ ಎಂಬುದು ನನ್ನ ಕೋರಿಕೆ. ಮೊಣಕೈ ಒಡೆದವರು ಮುಂಗೈ, ಮಣಿಕಟ್ಟುಗಳನ್ನೂ ಒತ್ತಿ ನೋಡಿಸಿಕೊಳ್ಳಲಿ, ಎರಡೂ ಮಣಿಕಟ್ಟುಗಳ ಎಕ್ಸ್‌ರೇ ತೆಗೆಸಿ ಹೋಲಿಸುವಂತೆ ಕೇಳಲಿ. ಎಣ್ಣೆ ಆಮೇಲೆ. ಇನ್ನು ಆಸ್ಪತ್ರೆಯಲ್ಲಿ ನನಗೆ ಕೊಟ್ಟ ವ್ಯಾಯಾಮದ ಚೀಟಿ ಮಲಯಾಳದಲ್ಲಿತ್ತು. ಪಕ್ಕದ ಮನೆಯ ಹುಡುಗ ಓದಿ ಹೇಳಿದ. ಅದರ ಬಗ್ಗೆ ಬೇರೆಯೇ ಪತ್ರ ಬರೆಯುತ್ತೇನೆ, ಎಡಗೈಯ ಅಕ್ಷರ ಇನ್ನಷ್ಟು ಸುಧಾರಿಸಲಿ.

— ಒಬ್ಬ ಕೃಷಿಕ, ಪೆರ್ಲ, ಕಾಸರಗೋಡು