‘ಚಿತ್ರ: ಅಂತರ್ಜಾಲ’ ಎಂದರೆ ಯಾರದು?

ಮಾನ್ಯ ಸಂಪಾದಕರೇ,

ಲಕ್ಕುಂಡಿಯ ಮುಸುಕಿನ ಬಾವಿಯ ಮೇಲೆ ಮೊನ್ನೆ ಒಂದು ಪುರವಣಿಯಲ್ಲಿ ಚೆಂದದ ಬರಹ ಓದಿದೆ. ಫೋಟೊದ ಕೆಳಗೆ ಮಾತ್ರ ‘ಚಿತ್ರ: ಅಂತರ್ಜಾಲ’ ಎಂದಿತ್ತು. ಅಂತರ್ಜಾಲ ಕ್ಯಾಮೆರಾ ಹಿಡಿಯುವುದಿಲ್ಲ. ಯಾರೋ ಪುಣ್ಯಾತ್ಮರು ಬಾವಿಯ ಮೆಟ್ಟಿಲಿಳಿದು, ಬೆಳಕಿಗೆ ಕಾದು ತೆಗೆದಿರುತ್ತಾರೆ. ನಾನು ಗದಗದಲ್ಲಿ ಬಹಳ ವರ್ಷ ಸ್ಟುಡಿಯೊ ನಡೆಸಿದವನು. ಪ್ರಿಂಟಿನ ಹಿಂದೆ ಸ್ಟುಡಿಯೊ ಸೀಲು ಬೀಳದೆ ಒಂದು ಫೋಟೊವನ್ನೂ ಹೊರಗೆ ಬಿಟ್ಟವನಲ್ಲ. ಹಾಗಾಗಿ ಇಂಥದ್ದು ಕಣ್ಣಿಗೆ ಚುಚ್ಚುತ್ತದೆ.

ಆದರೆ ಪತ್ರಿಕೆಯವರನ್ನೇ ದೂರಿ ಪ್ರಯೋಜನವಿಲ್ಲ. ನಮ್ಮ ಕಡೆಯ ಒಳ್ಳೊಳ್ಳೆ ಫೋಟೊಗಳೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲೇ ಸುತ್ತುತ್ತಿರುತ್ತವೆ. ಅಲ್ಲಿ ಫೋಟೊ ಕುಗ್ಗುತ್ತದೆ. ತೆಗೆದ ದಿನ, ಜಾಗ, ಕ್ಯಾಮೆರಾದ ವಿವರವೂ ಕಳಚಿಹೋಗುತ್ತದೆ. ನಾಲ್ಕು ಗುಂಪು ದಾಟುವಷ್ಟರಲ್ಲಿ ಅದಕ್ಕೆ ಹೇಳುವವರು ಕೇಳುವವರು ಇರುವುದಿಲ್ಲ. ಅದೇ ಫೋಟೊವನ್ನು ವಾಟ್ಸ್‌ಆ್ಯಪ್‌ನ ‘ಡಾಕ್ಯುಮೆಂಟ್’ ಆಯ್ಕೆಯಿಂದ ಕಳಿಸಿದರೆ ಹೀಗಾಗುವುದಿಲ್ಲ ಎಂಬುದು ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಈಗ ನಮ್ಮ ಓಣಿಯವರಿಗೆ ವಿಕಿಮೀಡಿಯ ಕಾಮನ್ಸ್‌ಗೆ ಫೋಟೊ ಹಾಕುವುದನ್ನು ಹೇಳಿಕೊಡುತ್ತಿದ್ದೇನೆ. ಅದು ವಿಕಿಪೀಡಿಯ ಬಳಗದ ಫೋಟೊ ಭಂಡಾರ. 2004ರಿಂದ ನಡೆಯುತ್ತಿರುವ ತಾಣ, ದುಡ್ಡು ಕೇಳುವುದಿಲ್ಲ. ಮೊನ್ನೆ ಶಾಲೆಯ ನಿವೃತ್ತ ಅಕ್ಕೋರೊಬ್ಬರು ಡಂಬಳದ ದೊಡ್ಡಬಸಪ್ಪ ಗುಡಿಯ ಫೋಟೊ ತಂದಿದ್ದರು. ನಕ್ಷತ್ರದ ಹಾಗೆ ಮೂಲೆಮೂಲೆಯಾಗಿ ತಿರುಗುತ್ತಾ ಹೋಗುವ ಗೋಡೆ ಇದೆಯಲ್ಲ, ಅದರ ಒಂದೊಂದು ಅಂಚಿಗೂ ಸಂಜೆ ಬಿಸಿಲು ಬಿದ್ದಿತ್ತು. ಇದು ನೀವೇ ತೆಗೆದದ್ದೇ ಎಂದು ತಾಣ ಕೇಳಿತು. ‘ನಂದಲ್ಲದೆ ಮತ್ಯಾರದು?’ ಎಂದು ಅಕ್ಕೋರಿಗೆ ಸಿಟ್ಟೇ ಬಂತು. ಕೇಳಬೇಕಾದ ಪ್ರಶ್ನೆಯೇ ಅದು. ಫಾರ್ವರ್ಡ್ ಬಂದದ್ದನ್ನು ಅಲ್ಲಿ ಹಾಕುವ ಹಾಗಿಲ್ಲ. ತೆಗೆದ ದಿನ ಫೈಲಿನಿಂದಲೇ ತುಂಬಿಕೊಂಡಿತು. ಹೆಸರು, ವಿವರ ಎರಡನ್ನೂ ಕನ್ನಡದಲ್ಲೇ ಬರೆದರು. ಗುಡಿಯ ಹೊರಗೋಡೆ, ಯಾವ ದಿಕ್ಕಿನಿಂದ ತೆಗೆದದ್ದು, ಮುಂಡರಗಿ ತಾಲ್ಲೂಕು, ಒಂದೂ ಬಿಡಲಿಲ್ಲ. ಬರೆದದ್ದನ್ನು ಅಳಿಸಿ ಮತ್ತೆ ತಿದ್ದಿದರು. ಪೇಪರ್ ತಿದ್ದಿದ ಕೈ, ಅಲ್ವಾ!

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಹಾಕಿದ ಫೋಟೊವನ್ನು ಯಾರು ಬೇಕಾದರೂ ಬಳಸಬಹುದು. ಕ್ಯಾಲೆಂಡರ್ ಛಾಪಿಸಿ ಮಾರಲೂಬಹುದು. ತೆಗೆದವರ ಹೆಸರು, ಅವರು ಕೊಟ್ಟ ಪರವಾನಗಿ ಎರಡನ್ನೂ ಮಾತ್ರ ಹಾಕಬೇಕು. ಒಮ್ಮೆ ಕೊಟ್ಟ ಪರವಾನಗಿಯನ್ನು ವಾಪಸ್ ಪಡೆಯಲಾಗದು. ಇದು ಒಪ್ಪಿಗೆಯಾಗದವರು ಹಾಕದಿರುವುದೇ ಸರಿ.

ಮನೆಯ ಫೋಟೊಗಳ ದಾರಿಯೇ ಬೇರೆ. ಮೊಮ್ಮಗಳ ಹುಟ್ಟುಹಬ್ಬವನ್ನು ಗೂಗಲ್ ಫೋಟೋಸ್‌ನಲ್ಲಿ ಆಲ್ಬಮ್ ಮಾಡಿ ಬೇಕಾದವರಿಗಷ್ಟೇ ಕೊಡಿ. ಸುಮ್ನೆ ಲಿಂಕ್ ಹಂಚಿದರೆ ಆ ಲಿಂಕ್ ಸಿಕ್ಕವರೆಲ್ಲ ನೋಡುತ್ತಾರೆ. ಮನೆಯ ಜಾಗ ತೋರಿಸುವ ವಿವರವನ್ನೂ ಮರೆಮಾಡಿ. ಇನ್ನು, ಯಾವ ತಾಣವನ್ನೂ ಪೂರ್ತಿ ನೆಚ್ಚಿಕೊಳ್ಳಬೇಡಿ. ಪಿಕಾಸಾ 2016ರಲ್ಲಿ ಬಾಗಿಲು ಹಾಕಿತು. 2013ರಲ್ಲಿ ಒಂದು ಟೆರಾಬೈಟ್ ಪುಕ್ಕಟೆ ಕೊಟ್ಟ ಫ್ಲಿಕರ್, 2019ರಲ್ಲಿ ಪುಕ್ಕಟೆ ಖಾತೆಗೆ ಸಾವಿರ ಫೋಟೊ ಸಾಕು ಎಂದಿತು. ಗೂಗಲ್ ಕೂಡ 2021ರ ಜೂನ್ 1ರಿಂದ ಹೊಸ ಫೋಟೊಗಳನ್ನು 15 ಜಿಬಿ ಲೆಕ್ಕಕ್ಕೆ ಸೇರಿಸಿತು, ಅದರಲ್ಲೇ ಜಿಮೇಲ್ ಕೂಡ. ಮೂಲ ಫೈಲು ನಿಮ್ಮ ಹಾರ್ಡ್‌ಡಿಸ್ಕಿನಲ್ಲಿರಲಿ.

ಹಳ್ಳಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ, ಈಗ ಕಂಪ್ಯೂಟರ್ ಬಂದಿವೆ. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಒಂದು ಮಧ್ಯಾಹ್ನ ಇದನ್ನು ಕಲಿಸಬಹುದು. ಊರಿನ ಅಗಸಿ, ಕೆರೆ, ವೀರಗಲ್ಲು, ತೇರು, ತೆಗೆಯಲಿಕ್ಕೆ ಏನು ಕಡಿಮೆ? ಫೋನು ಹೇಗೂ ಕೈಯಲ್ಲೇ ಇದೆ. ಗ್ರಂಥಪಾಲಕರು ಮನಸ್ಸು ಮಾಡಬೇಕು ಅಷ್ಟೇ.

ನಿಮ್ಮಲ್ಲೂ ಒಂದು ಕೋರಿಕೆ. ಕಾಮನ್ಸ್‌ನಿಂದ ತೆಗೆದುಕೊಂಡ ಫೋಟೊಕ್ಕೆ ಅದೇ ಪುಟದಲ್ಲಿರುವ ಹೆಸರನ್ನೂ ಪರವಾನಗಿಯನ್ನೂ ಹಾಕಿ, ಅಕ್ಷರ ಸಣ್ಣದಾದರೂ ಪರವಾಗಿಲ್ಲ. ಎಷ್ಟು ಹುಡುಕಿದರೂ ತೆಗೆದವರು ಯಾರೆಂದು ಸಿಗದ ಫೋಟೊವನ್ನು ಬಿಟ್ಟುಬಿಡಿ. ಗದಗ ಜಿಲ್ಲೆಯ ಗುಡಿ, ಬಾವಿ ಏನೇ ಬೇಕಾದರೂ ಒಂದು ಮಾತು ತಿಳಿಸಿ. ನಮ್ಮ ಓಣಿಯವರು ಹೋಗಿ ಹೊಸದಾಗಿ ತೆಗೆದು ಹಾಕುತ್ತಾರೆ. ಅಕ್ಕೋರಂತೂ ಈಗಲೇ ತಯಾರು.

– ಹಳೇ ಸ್ಟುಡಿಯೊದವ, ಗದಗ