ಒಂಬತ್ತು ಜನ ಇದ್ದೇವೆ

ಜೆರುಸಲೇಮ್

ಪ್ರೀತಿಯ ಅಣ್ಣ,

ನಾನು ಚೆನ್ನಾಗಿದ್ದೇನೆ. ಇಲ್ಲಿ ಈಗ ಚಳಿಗಾಲ, ಮಳೆಗಾಲವೂ ಇದೇ. ದುಡ್ಡು ಕಳಿಸಿದ್ದೇನೆ, ಬಂತಾ ನೋಡು. ಅಮ್ಮನ ಮಂಡಿನೋವು ಜಾಸ್ತಿ ಆಗಿದೆ ಅಂದೆಯಲ್ಲ, ಅದೇ ತಲೆಯಲ್ಲಿದೆ. ಫೋನಿನಲ್ಲಿ ಬಿಡಿಸಿ ಹೇಳಲು ಆಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ನೋಡಿಕೊಳ್ಳುವ ಅಜ್ಜನಿಗೆ 87 ವರ್ಷ. ಸಬಾ ಅಂತ ಕರೆಯುತ್ತೇನೆ, ಹೀಬ್ರೂನಲ್ಲಿ ಅಜ್ಜ ಅಂತಲೇ ಅರ್ಥ. ಸ್ನಾನ, ಊಟ, ಮಾತ್ರೆ, ಗಾಲಿಕುರ್ಚಿ ಎಲ್ಲ ನನ್ನ ಕೈಯಲ್ಲೇ. ಹೋದ ವಾರ ಒಂದು ಬೆಳಗ್ಗೆ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಚಹಾ ಬೇಡ, ಮಾತು ಬೇಡ. ಆಗ ಪಕ್ಕದ ಬೀದಿಯಲ್ಲಿ ಯೆಹೂದಿಗಳು ಪ್ರಾರ್ಥನೆಗೆ ಸೇರುವ ಸಿನಗಾಗ್‌ನಿಂದ ಫೋನ್ ಬಂತು. "ಒಂಬತ್ತು ಜನ ಇದ್ದೇವೆ." ಅಷ್ಟೇ. ಸಬಾ ಎದ್ದು ಕೂತು ಕೋಟು ಕೊಡು ಅಂದರು.

ಯೆಹೂದಿಗಳಲ್ಲಿ ಕೆಲವು ಪ್ರಾರ್ಥನೆಗೆ ಹತ್ತು ಜನ ಸೇರಲೇಬೇಕು. ಮಿನ್ಯಾನ್ ಅನ್ನುತ್ತಾರೆ. ಇವರದು ಹಳೆ ಸಂಪ್ರದಾಯದ ಸಿನಗಾಗ್, 13 ತುಂಬಿದ ಗಂಡಸರೇ ಆಗಬೇಕು. ಆವತ್ತು ಒಬ್ಬ ಹುಡುಗ ತೀರಿಹೋದ ಅಪ್ಪನಿಗಾಗಿ ಕದ್ದೀಶ್ ಅನ್ನುವ ಪ್ರಾರ್ಥನೆ ಹೇಳಲು ಕಾಯುತ್ತಿದ್ದ. ಜನರನ್ನು ಒಂದು, ಎರಡು ಅಂತ ಇವರು ಎಣಿಸುವುದಿಲ್ಲ. ಹತ್ತು ಪದಗಳ ಒಂದು ಕೀರ್ತನೆಯ ಸಾಲು ಹೇಳುತ್ತಾರೆ, ಒಬ್ಬೊಬ್ಬರಿಗೆ ಒಂದೊಂದು ಪದ. ಕೊನೆಯ ಪದ ಸಬಾನ ಪಾಲಿಗೆ ಬಂತು. ನಾನೂ ಅಲ್ಲೇ ಗಟ್ಟಿಮುಟ್ಟಾಗಿ ನಿಂತಿದ್ದೆ. ಆದರೆ ಆ ಹೊಣೆ ನನ್ನ ಮೇಲಿಲ್ಲ, ಹಾಗಾಗಿ ಲೆಕ್ಕಕ್ಕೂ ಇಲ್ಲ. ಹೊಣೆ ಹೊತ್ತವರನ್ನೇ ಎಣಿಸುವುದು.

ಪ್ರಾರ್ಥನೆಗೆ ಮುಂಚೆ ಎಡಗೈಗೆ ತೊಗಲಿನ ಪಟ್ಟಿ ಕಟ್ಟಬೇಕು, ಮೊಣಕೈ ಕೆಳಗೆ ಏಳು ಸುತ್ತು. ಸಬಾನ ಬಲಗೈ ನಡುಗುತ್ತದೆ. ನಾಲ್ಕನೇ ಸುತ್ತಿಗೆ ಜಾರಿತು, ಮತ್ತೆ ಮೊದಲಿಂದ. ಅಂಗಿಯ ಗುಂಡಿ ದಿನಾ ನನ್ನಿಂದಲೇ ಹಾಕಿಸಿಕೊಳ್ಳುವವರು, ಇದಕ್ಕೆ ಮಾತ್ರ ಕೈ ಹಾಕಲು ಬಿಡಲಿಲ್ಲ.

ಬರುವಾಗ ಕೇಳಿದೆ, ಕಟ್ಟಳೆ ಅಂತ ಮಾಡುವುದಕ್ಕಿಂತ ಮನಸ್ಸಿನಿಂದ ಮಾಡಿದರೇ ದೊಡ್ಡದು ಅಲ್ವಾ? ಅಲ್ಲ ಅಂದರು. ಇವರ ಹಳೆಯ ಧರ್ಮಗ್ರಂಥ ತಾಲ್ಮುದ್‌ನಲ್ಲಿ ರಬ್ಬಿ ಹನೀನಾ ಅನ್ನುವ ಗುರು ಹೇಳಿದ್ದಾರಂತೆ, ಆಜ್ಞೆ ಇಲ್ಲದೆ ಮಾಡುವವನಿಗಿಂತ ಆಜ್ಞೆ ಇದ್ದು ಮಾಡುವವನೇ ಮೇಲು ಅಂತ. ನನಗೆ ಒಪ್ಪಿಗೆ ಆಗಲಿಲ್ಲ. ಸಬಾ ಅಂದರು, "ಮನಸ್ಸಾದರೆ ಬರುವವನನ್ನು ಯಾರು ಕಾಯುತ್ತಾರೆ? ಬರಲೇಬೇಕಾದವನಿಗೆ ತಾನೇ ಫೋನ್ ಮಾಡುವುದು?" ಎರಡು ದಿನ ಅದನ್ನೇ ಯೋಚಿಸಿದೆ. ಇವರಿಗೆ 613 ಕಟ್ಟಳೆ. ಹುಡುಗನಿಗೆ 13 ತುಂಬಿದಾಗ ಹಬ್ಬ ಮಾಡುವುದು, ಇನ್ನು ಇದೆಲ್ಲ ನಿನ್ನ ಹೆಗಲಿಗೂ ಬಂತು ಅಂತ. ದಾನದಿಂದ ಬದುಕುವ ಬಡವನೂ ಅದರಲ್ಲೇ ಸ್ವಲ್ಪ ದಾನ ಕೊಡಬೇಕು. ಇದನ್ನು ಕೇಳಿದಾಗ ನನಗೆ ಅಮ್ಮ ನೆನಪಾದಳು.

ಅಣ್ಣ, ಹೋದ ವರ್ಷ ಮಲ್ಲಿಗೆ ಗಿಡಗಳನ್ನು ಪಕ್ಕದ ಮನೆಯವರಿಗೆ ವಹಿಸಿಕೊಟ್ಟೆವು. ದುಡಿದದ್ದು ಸಾಕು, ಸುಮ್ನೆ ಕೂತಿರು ಅಂತ ಜೋರು ಮಾಡಿದ್ದು ನಾನೇ. ಆಮೇಲಿಂದ ಅಮ್ಮ ಫೋನಿನಲ್ಲಿ ನೋವಿನ ಮಾತು ಬಿಟ್ಟು ಬೇರೆ ಆಡುವುದಿಲ್ಲ. ಮೊದಲೂ ಮಂಡಿ ನೋಯುತ್ತಿತ್ತು. ಆದರೆ ಬೆಳಗಾಗುವ ಮುಂಚೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೊತ್ತಿಗೆ ಸರಿಯಾಗಿ ಶಂಕರಪುರಕ್ಕೆ ಕಳಿಸುವ ಗಡಿಬಿಡಿಯಲ್ಲಿ ಆ ಮಾತಿಗೆ ಪುರಸೊತ್ತೇ ಇರಲಿಲ್ಲ. ನಾವು ಪ್ರೀತಿಯಿಂದಲೇ ಮಾಡಿದ್ದು, ಆದರೆ ತಪ್ಪು ಮಾಡಿದೆವು.

ನಾಲ್ಕು ಗಿಡವಾದರೂ ವಾಪಸ್ ಕೇಳು. ಕೊಯ್ಯಲು ಜನ ಇಡು, ಕೂಲಿ ನಾನು ಕಳಿಸುತ್ತೇನೆ. ಕಟ್ಟುವುದು ಅಮ್ಮನೇ ಕಟ್ಟಲಿ, ಒಂದು ಚೆಂಡು ಹೂ ಆಗದಿದ್ದರೆ ಅರ್ಧ. ಹೊತ್ತು ಹೋಗಲಿ ಅಂತ ಮಾತ್ರ ಕೊಡಬೇಡ. ಶುಕ್ರವಾರದ ಪೂಜೆಗೆ ನಮ್ಮ ಮನೆಯಿಂದಲೇ ಹೂ ಬರುತ್ತದೆ ಅಂತ ದೇವಸ್ಥಾನದಲ್ಲಿ ಮಾತು ಕೊಟ್ಟು ಬಾ. ಹೂ ತಡವಾದರೆ ಭಟ್ಟರು ಅಮ್ಮನಿಗೇ ಫೋನ್ ಮಾಡಲಿ.

ಬಾಳೆನಾರು ಅಟ್ಟದ ಮೇಲೆ ಇರಬೇಕು. ಅತ್ತಿಗೆಗೆ ಹೇಳಿ ನೆನೆಸಿಡಿಸು.

ನಿನ್ನ ತಮ್ಮ