ಕ್ಯಾಮೆರಾ ಹಿಡಿದು ಮುಳುಗುವವರು ಸೀಸ ಕಳಚುವ ಮುನ್ನ

ಮಾನ್ಯ ಸಂಪಾದಕರೇ,

ಮಳೆಗಾಲ ಕಳೆದು ಕಡಲು ತಿಳಿಯಾದಂತೆ ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪದ ಕಡೆಗೆ ಸ್ಕೂಬಾ ದೋಣಿಗಳ ಓಡಾಟ ಮತ್ತೆ ಆರಂಭವಾಗುತ್ತದೆ. ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದ ಹವ್ಯಾಸಿಗಳಲ್ಲಿ ಅನೇಕರು ಈಗ ಕ್ಯಾಮೆರಾ, ಅದರ ದೀಪಗಳು, ಟಾರ್ಚ್, ಕೆಲವೊಮ್ಮೆ ತುರ್ತು ಬಳಕೆಯ ಸಣ್ಣ ಸಿಲಿಂಡರ್‌ನೊಂದಿಗೆ ನೀರಿಗಿಳಿಯುತ್ತಾರೆ. ಹೀಗೆ ಸಾಮಾನು ಹೆಚ್ಚಿದಾಗ, ತೇಲದೆ ಮುಳುಗಲೆಂದು ಕಟ್ಟಿಕೊಳ್ಳುವ ಸೊಂಟಪಟ್ಟಿಯ ಸೀಸವನ್ನು ಹೇಗೆ ಹೊಂದಿಸಬೇಕು ಎಂಬ ವಿಚಾರಕ್ಕೆ ದೋಣಿಯಲ್ಲಿ ಸಿಗುವ ಗಮನ ಸಾಲದು ಎಂದು ನನಗೆ ಅನುಭವದಿಂದ ಅನಿಸಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನಾನು ಮೊದಲ ಸಲ ಲೋಹದ ಕವಚವಿರುವ ಕ್ಯಾಮೆರಾ ಒಯ್ದಿದ್ದೆ. ನೀರೊಳಗೆ ಅದು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತಿತ್ತು. 'ಅಷ್ಟು ಸೀಸ ತೆಗೆದುಬಿಡಿ, ಸರಿಹೋಗುತ್ತದೆ' ಎಂದು ಜೊತೆಗಿದ್ದ ಮಾರ್ಗದರ್ಶಕರು ಹೇಳಿದರು. ನಾನೂ ಒಂದು ಕಿಲೋ ಕಳಚಿಟ್ಟೆ. ಕೆಳಗಿರುವವರೆಗೆ ಎಲ್ಲವೂ ಹಾಯಾಗಿತ್ತು. ಮರಳುವಾಗ ಸುರಕ್ಷತೆಗೆಂದು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ನಿಲ್ಲಬೇಕಾದ ಹೊತ್ತಿನಲ್ಲಿ, ನನಗೆ ಕೈ ಬಿಡುವಾಗಲೆಂದು ಸ್ನೇಹಿತರೊಬ್ಬರು ಕ್ಯಾಮೆರಾ ತೆಗೆದುಕೊಂಡರು. ಮರುಕ್ಷಣವೇ ನಾನು ಮೇಲಕ್ಕೆ ಏರತೊಡಗಿದೆ. ಗಾಳಿ ತುಂಬಿ, ಬಿಟ್ಟು ತೇಲುವಿಕೆ ಹೊಂದಿಸುವ ಜಾಕೆಟ್‌ನಲ್ಲಿ ಹೊರಬಿಡಲು ಗಾಳಿಯೇ ಉಳಿದಿರಲಿಲ್ಲ. ತಡೆಯಲಾಗದೆ ನೀರಿನ ಮೇಲೆ ಬಂದುಬಿಟ್ಟೆ. ಅಂದು ಅಪಾಯವಾಗಲಿಲ್ಲ. ಆದರೆ ಆಳದಲ್ಲಿ ಹೆಚ್ಚು ಹೊತ್ತು ಕಳೆದವರಿಗೆ ಇಂಥ ಏರಿಕೆಯಿಂದ ರಕ್ತದಲ್ಲಿ ಕರಗಿದ ಸಾರಜನಕ ಗುಳ್ಳೆಗಟ್ಟುವ ಭಯವಿದೆ, ಗಾಬರಿಯಲ್ಲಿ ಉಸಿರು ಬಿಗಿಹಿಡಿದರೆ ಶ್ವಾಸಕೋಶಕ್ಕೇ ಪೆಟ್ಟಾಗಬಹುದು.

ಕಾರಣ ಸರಳವಾಗಿದೆ, ಆದರೂ ಅದನ್ನು ಸುಲಭವಾಗಿ ಮರೆಯುತ್ತೇವೆ. ನಮ್ಮಲ್ಲಿ ಸಾಮಾನ್ಯವಾಗಿ ಬಳಸುವ 11 ಲೀಟರ್‌ನ ಅಲ್ಯೂಮಿನಿಯಂ ಸಿಲಿಂಡರ್‌ಗೆ 200 ಬಾರ್ ಒತ್ತಡದಲ್ಲಿ ಗಾಳಿ ತುಂಬಿದಾಗ ಆ ಗಾಳಿಯೊಂದೇ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಅದು 50 ಬಾರ್‌ಗೆ ಇಳಿಯುವ ಹೊತ್ತಿಗೆ ಡೈವರ್ ಹೆಚ್ಚುಕಡಿಮೆ ಎರಡು ಕಿಲೋ ಹಗುರಾಗಿರುತ್ತಾನೆ. ಆರಂಭದಲ್ಲಿ ನೀರಿನಲ್ಲಿ ಮುಳುಗುತ್ತಿದ್ದ ಸಿಲಿಂಡರ್ ಕೊನೆಯಲ್ಲಿ ತೇಲತೊಡಗುತ್ತದೆ. ಆಳದಲ್ಲಿ ಒತ್ತಡಕ್ಕೆ ಕುಗ್ಗಿದ್ದ ವೆಟ್‌ಸೂಟ್ (ಮೈ ಬೆಚ್ಚಗಿಡುವ ರಬ್ಬರಿನ ಉಡುಪು) ಮೇಲಕ್ಕೆ ಬಂದಂತೆ ಹಿಗ್ಗಿ ಇನ್ನಷ್ಟು ತೇಲಿಸುತ್ತದೆ. ಹೀಗಾಗಿ ಸೀಸದ ಲೆಕ್ಕವನ್ನು ಡೈವ್‌ನ ಕೊನೆಯ ಮೂರು ನಿಮಿಷಗಳಿಗೆ, ಕೈಯಲ್ಲಿ ಏನೂ ಇಲ್ಲದ ಸ್ಥಿತಿಗೆ ಹಾಕಬೇಕು. ಕೈ ಜಾರಬಹುದಾದ, ಇನ್ನೊಬ್ಬರಿಗೆ ಕೊಡಬಹುದಾದ ವಸ್ತುವನ್ನು ನಮ್ಮ ಸೀಸದ ಬದಲಿಗೆ ನೆಚ್ಚಿಕೊಳ್ಳಬಾರದು. ಕ್ಯಾಮೆರಾ ಭಾರವಾಗಿದ್ದರೆ ಅದರ ತೋಳುಗಳಿಗೇ ತೇಲುಬುರುಡೆಗಳನ್ನು ಕಟ್ಟಿ, ಬಿಟ್ಟರೆ ಮುಳುಗದೆ ಏರದೆ ನೀರಿನಲ್ಲಿ ನಿಲ್ಲುವಂತೆ ಮಾಡಬೇಕು.

ಹಾಗೆಂದು ಸುರಕ್ಷತೆಗೆಂದು ಸೀಸ ಹೆಚ್ಚಿಸುತ್ತ ಹೋಗುವುದೂ ತಪ್ಪು, ಮತ್ತು ನಾನು ಹೆಚ್ಚಾಗಿ ಕಂಡಿರುವುದು ಈ ತಪ್ಪನ್ನೇ. ಮೂರು ಕಿಲೋ ಹೆಚ್ಚು ಹೊತ್ತವರು ಅದನ್ನು ಸರಿದೂಗಿಸಲು ಜಾಕೆಟ್‌ಗೆ ಮೂರು ಲೀಟರ್ ಗಾಳಿ ಹೆಚ್ಚು ತುಂಬಬೇಕು. ಹತ್ತು ಮೀಟರ್ ಆಳದಲ್ಲಿದ್ದ ಆ ಮೂರು ಲೀಟರ್ ಐದು ಮೀಟರ್‌ಗೆ ಬಂದಾಗ ನಾಲ್ಕು ಲೀಟರ್ ಆಗುತ್ತದೆ, ಒಂದು ಕಿಲೋದಷ್ಟು ಹೆಚ್ಚಾಗಿ ಮೇಲಕ್ಕೆಳೆಯುತ್ತದೆ. ಗಾಳಿ ಬಿಟ್ಟರೆ ಕುಸಿಯುವುದು, ತುಂಬಿದರೆ ಏರುವುದು, ಇದೇ ಕೆಲಸವಾಗುತ್ತದೆ. ಎದೆಯ ಬಳಿ ಗಾಳಿ, ಸೊಂಟದಲ್ಲಿ ಸೀಸ ಇರುವುದರಿಂದ ದೇಹ ಅಡ್ಡವಾಗಿ ಮಲಗದೆ ಕಾಲು ಕೆಳಗೆ ಜೋಲುತ್ತದೆ. ನೇತ್ರಾಣಿಯ ಹವಳಕ್ಕೆ ಕಾಲಿಗೆ ತೊಟ್ಟ ರೆಕ್ಕೆಪಾದ ತಗಲುವುದು ಹೀಗೆಯೇ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವ, ಅತಿ ನಿಧಾನವಾಗಿ ಬೆಳೆಯುವ ಆ ಜೀವಿಗಳು ನಮ್ಮ ಒಂದು ಒದೆತಕ್ಕೆ ಮುರಿಯುವುದನ್ನು ನೋಡಿದವರಿಗೆ ಸಂಕಟವಾಗದೆ ಇರದು.

ದೇಹದ ಓಲಾಟವನ್ನು ಸರಿಪಡಿಸಲು ಸೀಸ ಸೇರಿಸಬೇಕಾಗಿಲ್ಲ, ಇರುವುದರ ಜಾಗ ಬದಲಿಸಿದರೆ ಸಾಕು. ಕಾಲು ಜೋಲುತ್ತಿದ್ದರೆ ಸೊಂಟದ ಒಂದೆರಡು ಕಿಲೋವನ್ನು ಸಿಲಿಂಡರ್‌ನ ಮೇಲಿನ ಪಟ್ಟಿಗೆ ಏರಿಸಬಹುದು ಅಥವಾ ಸಿಲಿಂಡರನ್ನೇ ಕೆಲವು ಅಂಗುಲ ತಲೆಯ ಕಡೆಗೆ ಸರಿಸಬಹುದು. ಸಣ್ಣ ಸಿಲಿಂಡರ್ ಎಡಕ್ಕೆ ತೂಗುತ್ತಿದ್ದರೆ ಎಡಗಡೆಯ ಸೀಸದಲ್ಲಿ ಸ್ವಲ್ಪ ಬಲಕ್ಕೆ ಹೋಗಲಿ. ಅದರ ಗಾಳಿ ಖರ್ಚಾದರೆ ಅದೂ ಹಗುರಾಗುತ್ತದೆಂಬುದು ನೆನಪಿರಲಿ. ಆದರೆ ತುರ್ತಿನಲ್ಲಿ ಒಂದೇ ಕೈಯಲ್ಲಿ ಕಳಚಿ ಬಿಡಲು ಸಾಧ್ಯವಾಗುವಷ್ಟು ಸೀಸ ಸೊಂಟದಲ್ಲಿ ಉಳಿಯಲೇಬೇಕು.

ಬೆಂಗಳೂರಿನ ಈಜುಕೊಳದಲ್ಲಿ ಕಲಿತವರಿಗೆ ಇನ್ನೊಂದು ಮಾತು. ಸಮುದ್ರದ ನೀರು ಸಿಹಿನೀರಿಗಿಂತ ಸುಮಾರು ಶೇ 2.5ರಷ್ಟು ಸಾಂದ್ರವಾಗಿದೆ, ಸಲಕರಣೆ ಸಮೇತ ನೂರು ಕಿಲೋ ತೂಗುವವರಿಗೆ ಕೊಳಕ್ಕಿಂತ ಕಡಲಲ್ಲಿ ಎರಡೂವರೆ ಕಿಲೋ ಹೆಚ್ಚು ಸೀಸ ಬೇಕಾಗುತ್ತದೆ. ಕೊಳದಲ್ಲಿ ಬರೆದಿಟ್ಟುಕೊಂಡ ಅಂಕಿಯನ್ನೇ ದೋಣಿಯಲ್ಲಿ ಹೇಳಬಾರದು.

ಡೈವಿಂಗ್ ಕೇಂದ್ರಗಳವರಲ್ಲಿ ನನ್ನ ಕೋರಿಕೆ ಚಿಕ್ಕದು. ಹೊಸ ಸಲಕರಣೆ ತಂದವರನ್ನು ಮೊದಲ ಡೈವ್‌ನ ಕೊನೆಯಲ್ಲಿ, 50 ಬಾರ್ ಉಳಿದಿರುವಾಗ, ಲಂಗರಿನ ಹಗ್ಗದ ಪಕ್ಕ ಐದು ಮೀಟರ್‌ನಲ್ಲಿ ನಿಲ್ಲಿಸಿ. ಕ್ಯಾಮೆರಾವನ್ನು ನೀವು ಹಿಡಿದುಕೊಂಡು ಅವರ ಜಾಕೆಟ್ ಪೂರ್ತಿ ಖಾಲಿ ಮಾಡಿಸಿ. ಸಹಜವಾಗಿ ಉಸಿರಾಡುತ್ತ ಅಲ್ಲೇ ನಿಂತರೆ ತೂಕ ಸರಿಯಿದೆ. ಮುಳುಗಿದರೆ ಸೀಸದ ಒಂದೊಂದೇ ತುಂಡನ್ನು ನಿಮ್ಮ ಕೈಗೆ ಕೊಡಲಿ, ಏರುವಂತಾದರೆ ಹಗ್ಗ ಹಿಡಿದಿರುವ ಅವರಿಗೆ ನೀವೇ ತುಂಡು ಕೊಡಿ. ಇದಕ್ಕೆ ಐದು ನಿಮಿಷ ಸಾಕು. ಎರಡು ಕಿಲೋದ ಗಟ್ಟಿಗಳಷ್ಟೇ ಇದ್ದರೆ ಇಂಥ ಹೊಂದಾಣಿಕೆ ಆಗದು, ಆದ್ದರಿಂದ ಅರ್ಧ ಕಿಲೋದ ತುಂಡುಗಳನ್ನೂ ದೋಣಿಯಲ್ಲಿ ಇಡಬೇಕೆಂದು ವಿನಂತಿಸುತ್ತೇನೆ.

ಇಂತಿ,
ಒಬ್ಬ ಹವ್ಯಾಸಿ ಡೈವರ್, ಹೊನ್ನಾವರ